ಅರವತ್ತು ಎಂಬಿಯ ಮಂಜು

ಮೊನ್ನೆ ಸ್ಟುಡಿಯೋದ ಡ್ರಾಯರು ಬರಿದು ಮಾಡುವಾಗ ಒಂದು ಮೆಮೊರಿ ಕಾರ್ಡು ಸಿಕ್ಕಿತು. ಅದರ ಪುಟ್ಟ ಡಬ್ಬಿಗೆ ಬಿಳಿ ಟೇಪು ಅಂಟಿಸಿ, ಮೇಲೆ ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ ‘ಮಂಜು, ಕೆಟ್ಟದ್ದು’ ಎಂದು ಬರೆದಿತ್ತು. ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ನನ್ನ ಹೆಂಡತಿ ಅದನ್ನೋದಿ, ಯಾವ ಮಂಜು, ಏನು ಕೆಟ್ಟಳು ಎಂದು ಕೇಳಿದಳು. ಇಪ್ಪತ್ತು ವರ್ಷ ಮದುವೆಯ ವಿಡಿಯೋ ತೆಗೆದವನ ಡ್ರಾಯರಿನಲ್ಲಿ ಇಂಥ ಚೀಟಿ ಸಿಕ್ಕರೆ ಯಾವ ಹೆಂಡತಿಯಾದರೂ ಕೇಳುವ ಪ್ರಶ್ನೆಯೇ. ಇದು ಹೆಂಗಸಲ್ಲ, ಬೆಳಗಿನ ಹೊತ್ತು ಬೀಳುವ ಮಂಜು ಎಂದೆ. ಅವಳು ನಂಬಿದಳೋ ಇಲ್ಲವೋ, ಪೊರಕೆ ಮುಂದಕ್ಕೆ ಹೋಯಿತು. ನಾನು ಮಾತ್ರ ಆ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಾನು ಆಟವಾಡುತ್ತೇನೆ. ನಲವತ್ತೆಂಟು ವರ್ಷದ, ಅರ್ಧ ತಲೆ ಬೋಳಾದ, ಬಾಳ್ಳುಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ನಾನು, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನೊಳಗೆ ಲಾರಿ ಓಡಿಸುತ್ತೇನೆ. ಅದಕ್ಕೊಂದು ಪ್ಲಾಸ್ಟಿಕ್ ಸ್ಟೀರಿಂಗೂ ಇದೆ. ಬಾಗಿಲ ಮುಂದೆಯೇ ಬೆಂಗಳೂರು–ಮಂಗಳೂರು ಹೆದ್ದಾರಿ. ದಿನವಿಡೀ ಅಸಲಿ ಲಾರಿಗಳು ನೆಲ ನಡುಗಿಸಿಕೊಂಡು ಹೋಗುತ್ತವೆ. ಒಳಗೆ ನಾನು ನಕಲಿ ಲಾರಿಯಲ್ಲಿ ಯಾವುದೋ ದೇಶದ ಬೆಟ್ಟ ಹತ್ತುತ್ತಿರುತ್ತೇನೆ. ಒಮ್ಮೆ ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದ ಹೆಡ್‌ಮಾಸ್ತರರು ಹತ್ತು ನಿಮಿಷ ನನ್ನ ಬೆನ್ನ ಹಿಂದೆ ನಿಂತಿದ್ದು, ಇಂಡಿಕೇಟರ್ ಹಾಕಲಿಲ್ಲವಲ್ಲ ಎಂದಿದ್ದರು. ನಾನು ಕ್ಷಮೆ ಕೇಳಿದ್ದೆ.

ಹಾಗೆಯೇ ಫೋಟೋಗೆ ಬಂದವನು ಧರ್ಮಣ್ಣ. ಮೂವತ್ತು ವರ್ಷ ಲಾರಿ ಓಡಿಸಿದವನು. ಎಸ್ಟೇಟುಗಳಿಂದ ಕಾಫಿ ಮೂಟೆ ಹೇರಿಕೊಂಡು ಹಾಸನಕ್ಕೆ ಸಾಗಿಸುವುದು ಅವನ ಕೆಲಸವಾಗಿತ್ತು. ನಮ್ಮಪ್ಪನ ಪಂಕ್ಚರ್ ಅಂಗಡಿಯಲ್ಲಿ ಅವನ ಲಾರಿ ನಿಲ್ಲುತ್ತಿದ್ದ ದಿನಗಳಿಂದ ಅವನನ್ನು ಬಲ್ಲೆ. ಆ ಕ್ಯಾಬಿನ್ನಿನ ವಾಸನೆ, ಡೀಸೆಲ್ಲು, ಊದುಬತ್ತಿ ಮತ್ತು ಹಸಿ ಕಾಫಿ ಬೆರೆತದ್ದು, ಈಗಲೂ ಮೂಗಿನಲ್ಲಿದೆ. ಆಮೇಲೆ ಸಕ್ಕರೆ ಕಾಯಿಲೆ ಅವನ ಬಲಗಾಲನ್ನು ಮೊಣಕಾಲಿನ ಕೆಳಕ್ಕೆ ತಿಂದುಹಾಕಿತು. ಆಕ್ಸಿಲರೇಟರಿನ ಕಾಲು. ಯಸಳೂರಿನ ಕಡೆ ತಮ್ಮನ ಮನೆಯ ಜಗಲಿಯಲ್ಲಿ ಹೆಂಡತಿಯೊಂದಿಗೆ ಕುಳಿತು ದಿನ ನೂಕುತ್ತಿದ್ದ. ಅವತ್ತು ಊರುಗೋಲಿನ ಮೇಲೆ ಒಂದು ಗಂಟೆ ನಿಂತು ನನ್ನ ಆಟ ನೋಡಿದ. ಎರಡು ಸಲ ನನ್ನ ಗೇರು ತಿದ್ದಿದ. ಹೋಗುವಾಗ, ಇದನ್ನೇ ಫೋನಿಗೆ ಕಳಿಸಲು ಆಗುತ್ತದೆಯೇ ಎಂದು ಕೇಳಿದ. ಕೇಳುವಾಗ ನನ್ನ ಮುಖ ನೋಡಲಿಲ್ಲ.

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಅರ್ಧ ಗಂಟೆ ಓಡಿಸಿ, ಅದನ್ನು ರೆಕಾರ್ಡು ಮಾಡಿ ಅವನಿಗೆ ಕಳಿಸುವುದು. ಹೇಳಿದಷ್ಟು ಸುಲಭದ್ದಲ್ಲ. ಅಸಲು ರೆಕಾರ್ಡು ಏಳು ಜಿಬಿ ತೂಗುತ್ತಿತ್ತು. ಧರ್ಮಣ್ಣನ ಮನೆಯಲ್ಲಿ ಸಿಗ್ನಲ್ಲು ಸಿಗುವುದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಅದೂ ಎರಡೇ ಕಡ್ಡಿ. ಅಲ್ಲಿ ನಿಂತು ಪ್ರಯೋಗ ಮಾಡಿ ಗೊತ್ತಾದದ್ದು, ಅರವತ್ತು ಎಂಬಿ ದಾಟಿದ ಯಾವುದೂ ಅವನ ಫೋನಿಗೆ ಇಳಿಯುವುದಿಲ್ಲ. ಅಂದರೆ ಒಂದು ಲಾರಿ ಲೋಡನ್ನು ಊಟದ ಡಬ್ಬಿಗೆ ತುಂಬಬೇಕು.

ಆ ತುಂಬುವ ವಿದ್ಯೆಯ ಹೆಸರೇ ಕೋಡೆಕ್. ಮದುವೆ ವಿಡಿಯೋಗಳಿಗೆ ನಾನು ಯಾವುದೋ ಒಂದನ್ನು ಒತ್ತಿ ಕೈತೊಳೆದುಕೊಳ್ಳುತ್ತಿದ್ದೆ. ಈಗ ಕುಳಿತು ಕಲಿಯಬೇಕಾಯಿತು. ತೀರಾ ಹೊಸ ಕೋಡೆಕ್ ಅದ್ಭುತವಾಗಿ ಕಟ್ಟುತ್ತಿತ್ತು, ಆದರೆ ಧರ್ಮಣ್ಣನ ಹಳೆಯ ಫೋನಿಗೆ ಆ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಬರೀ ಕಪ್ಪು ಪರದೆ, ಎಂಜಿನ್ ಸದ್ದು. ಅದಕ್ಕಿಂತ ಹಿಂದಿನದರಲ್ಲಿ ಸದ್ದು ಮುಂದೆ ಓಡಿ, ಚಿತ್ರ ಬಸ್ಸು ತಪ್ಪಿದವನ ಹಾಗೆ ಹಿಂದೆ ಹಿಂದೆ ಬರುತ್ತಿತ್ತು. ಕೊನೆಗೆ ಎಲ್ಲ ಫೋನುಗಳಿಗೂ ಗೊತ್ತಿರುವ ಹಳೇ ಕೋಡೆಕ್ಕಿಗೇ ಬಂದು ನಿಂತೆ. ಅದರ ಕೆಲಸದ ರೀತಿ ಸರಳ. ಒಂದು ಪೂರ್ತಿ ಚಿತ್ರ ಬರೆದುಕೊಳ್ಳುತ್ತದೆ, ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ಆಮೇಲೆ ಮುಂದಿನ ಪೂರ್ತಿ ಚಿತ್ರದವರೆಗೆ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ. ಕೊಟ್ಟ ಜಾಗ ಸಾಲದೆ ಹೋದರೆ, ಕಣ್ಣಿಗೆ ಗೊತ್ತಾಗಲಿಕ್ಕಿಲ್ಲ ಎಂದು ತನಗೆ ತೋರಿದ್ದನ್ನು ಎಸೆದುಬಿಡುತ್ತದೆ.

ಎಸೆಯುವಾಗ ಅದು ಮೊದಲು ಕೈ ಹಾಕುವುದು ಮಂಜಿಗೆ. ಮೊದಲ ವಾರ ನಾನು ಮಂಜಿಲ್ಲದ ಓಟ ಕಳಿಸಿದ್ದೆ. ಮಂಜಿಲ್ಲದೆ ಅದೆಂಥ ರಸ್ತೆ ಎಂದು ಧರ್ಮಣ್ಣ ಅಂದಿದ್ದಕ್ಕೆ, ಆಟದ ಹವಾಮಾನದಲ್ಲಿ ಮಂಜನ್ನು ಪೂರ್ತಿ ಏರಿಸಿದೆ. ನಮ್ಮ ಗುಡ್ಡಗಳ ಡಿಸೆಂಬರಿನ ಬೆಳಗು ಹಾಗೆಯೇ ಬಂತು. ಆದರೆ ಅರವತ್ತು ಎಂಬಿಗೆ ಹಿಂಡಿದಾಗ ನುಣುಪಾದ ಬಿಳುಪು ಪದರ ಪದರವಾಗಿ ಒಡೆದು, ತೇಪೆ ತೇಪೆಯಾಗಿ, ಹಾಲು ಒಡೆದ ಹಾಗಾಯಿತು.

ಇದನ್ನು ನೋಡುವಾಗ ನನಗೆ ನಮ್ಮಜ್ಜಿ ನೆನಪಾಗುತ್ತಿದ್ದಳು. ನಾವು ಚಿಕ್ಕವರಿದ್ದಾಗ ಮನೆಯಲ್ಲಿದ್ದದ್ದು ಕಪ್ಪುಬಿಳುಪು ಟೀವಿ. ಮಧ್ಯಾಹ್ನ ಪ್ರಸಾರ ನಿಂತಮೇಲೆ ಪರದೆಯ ತುಂಬ ನುಸಿ ಮುತ್ತಿದ ಹಾಗೆ ಚುಕ್ಕೆಗಳು. ಎಲ್ಲರೂ ಎದ್ದುಹೋದರೂ ಅಜ್ಜಿ ಎಲೆಯಡಿಕೆ ಜಗಿಯುತ್ತ ಅದನ್ನೇ ನೋಡುತ್ತಿದ್ದಳು. ಏನಜ್ಜಿ ಕಾಣುತ್ತೆ ಎಂದರೆ, ಜನ ಹೋಗುತ್ತಿದ್ದಾರೆ, ತಲೆಯ ಮೇಲೆ ಹೊರೆ ಇದೆ, ಒಬ್ಬರೂ ಈ ಕಡೆ ತಿರುಗುತ್ತಿಲ್ಲ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಒಂದು ದಿನ ಅವಳ ಪಕ್ಕ ಕುಳಿತು ನೋಡಿದೆ. ಕಂಡರು. ಒಂದು ಸಲ ಕಂಡದ್ದನ್ನು ಕಾಣದ ಹಾಗೆ ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಆಮೇಲೆ ಎಷ್ಟೋ ದಿನ, ಟೀವಿಗೆ ಬಟ್ಟೆ ಹೊದಿಸದೆ ಆ ಕೋಣೆಗೆ ಒಬ್ಬನೇ ಹೋಗುತ್ತಿರಲಿಲ್ಲ.

ಮಂಜಿನ ಓಟ ಕಳಿಸಿದ ಮರುದಿನ ಧರ್ಮಣ್ಣನ ಫೋನು ಬಂತು. ಗೇರಿನ ತಪ್ಪು ಹೇಳುತ್ತಾನೆ ಎಂದುಕೊಂಡೆ.

“ಆ ತಿರುವಲ್ಲಿ ಒಬ್ಬ ನಿಂತಿದ್ದ ಕಣೋ. ನೀನು ನಿಲ್ಲಿಸ್ನೇ ಇಲ್ವಲ್ಲ” ಎಂದ.

ಆಟದ ಆ ಬೆಟ್ಟದ ನಕ್ಷೆ ಮಾಡಿದವರು ಯಾರೋ, ಯಾವ ದೇಶದವರೋ. ಮರ, ಬಂಡೆ, ಮೈಲಿಗಲ್ಲು ಎಲ್ಲ ಇಟ್ಟಿದ್ದರು, ಆದರೆ ಇಡೀ ಬೆಟ್ಟದಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನು ಇಟ್ಟಿರಲಿಲ್ಲ. ಅಸಲು ರೆಕಾರ್ಡನ್ನು ಹಾಕಿ ಒಂದೊಂದೇ ಚಿತ್ರ ಸರಿಸಿ ನೋಡಿದೆ. ಹದಿನಾಲ್ಕನೆಯ ನಿಮಿಷ, ಎಡತಿರುವು, ಒಂದು ನೀಳ ಮರ, ಮಂಜು. ಬೇರೇನೂ ಇಲ್ಲ. ಆಮೇಲೆ ಅವನಿಗೆ ಕಳಿಸಿದ್ದನ್ನು ತೆರೆದೆ. ಮರದ ಬುಡದಲ್ಲಿ ಮಂಜಿನ ಒಂದು ತೇಪೆ ತುಸು ಕಪ್ಪಾಗಿ ಉಳಿದುಹೋಗಿತ್ತು. ಆಳೆತ್ತರ. ಲಾರಿ ಸಮೀಪಿಸಿದಂತೆ ಸುತ್ತಲಿನದೆಲ್ಲ ಸರಿಯುತ್ತಿತ್ತು, ಅದು ಸರಿಯದೆ ನಿಂತಿತ್ತು.

ಫೋನು ಮಾಡಿ ಬಿಡಿಸಿ ಹೇಳಿದೆ. ಜಾಗ ಸಾಲದ್ದರಿಂದ ಕೋಡೆಕ್ ಹಳೆಯ ತೇಪೆಯನ್ನೇ ಎಳೆದುಕೊಂಡು ಬಂದಿದೆ, ಅದು ಮನುಷ್ಯನಲ್ಲ ಎಂದೆ. ಧರ್ಮಣ್ಣ ಹೂಂ ಎಂದ. ಒಪ್ಪಿದವನ ಹೂಂ ಅಲ್ಲ ಅದು.

ಮುಂದಿನ ವಾರ ಅವನು ಆ ವಿಷಯ ಎತ್ತಲಿಲ್ಲ. ಹೆಬ್ಬೆರಳಲ್ಲಿ ವಿಡಿಯೋ ಹಿಂದೆ ಮುಂದೆ ಮಾಡಿದರೆ ಬೇಕಾದಲ್ಲಿ ನಿಲ್ಲುವುದಿಲ್ಲ, ಎಲ್ಲಿಗೋ ಹಾರುತ್ತದೆ ಎಂದಷ್ಟೇ ದೂರಿದ. ಫೋನು ಹಾರುವುದು ಒಂದು ಕೀಫ್ರೇಮಿನಿಂದ ಇನ್ನೊಂದಕ್ಕೆ. ನಾನು ಅವನ್ನು ಹತ್ತು ಸೆಕೆಂಡಿಗೊಂದರಂತೆ ಇಟ್ಟಿದ್ದೆ. ಸರಿ, ಸೆಕೆಂಡಿಗೊಂದು ಇಟ್ಟೆ. ಜಾಗ ಅಷ್ಟೇ, ಪೂರ್ತಿ ಚಿತ್ರಗಳು ಹತ್ತುಪಟ್ಟು. ಉಳಿದ ಚಿತ್ರಗಳಿಗೆ ಉಪವಾಸ. ಪ್ರತಿ ಸೆಕೆಂಡಿಗೊಮ್ಮೆ ಮಂಜು ಉಸಿರೆಳೆದ ಹಾಗೆ ಮಿಡಿಯುವುದು ಇಂಥಲ್ಲಿ ಸಾಮಾನ್ಯ ಎಂದು ಓದಿದ್ದೆ. ಅದಕ್ಕೇ ಕಳಿಸುವ ಮುನ್ನ ಒಮ್ಮೆ ಹಾಕಿ ನೋಡಿದೆ.

ಇದು ಹೊಸ ಓಟ. ಬೇರೆ ದಿನ ಆಡಿದ್ದು. ಅದೇ ತಿರುವಿನಲ್ಲಿ ಅದೇ ಮರದ ಕೆಳಗೆ ಆ ಕಪ್ಪು ನಿಂತಿತ್ತು. ಈ ಸಲ ಅದಕ್ಕೆ ತೋಳಿತ್ತು. ತೋಳು ಮುಂದಕ್ಕೆ ಚಾಚಿತ್ತು. ಸೆಕೆಂಡಿಗೊಂದು ಸಲ ಮೇಲೆ, ಕೆಳಗೆ. ಮೇಲೆ, ಕೆಳಗೆ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಬಸ್ಸುಗಳ ಗದ್ದಲ, ಪಕ್ಕದಲ್ಲಿ ಯಾರದೋ ನಾಮಕರಣದ ಫೋಟೋಗಳು ಪ್ರಿಂಟರಿನಿಂದ ಒಂದೊಂದಾಗಿ ಬೀಳುತ್ತಿದ್ದವು. ಸೆಕೆಂಡಿಗೊಂದು ಕೀಫ್ರೇಮ್ ಇಟ್ಟವನು ನಾನೇ, ಆ ಮಿಡಿತಕ್ಕೆ ಕಾರಣ ಅದೇ ಎಂದು ಗೊತ್ತಿತ್ತು. ಗೊತ್ತಿದ್ದೂ ಎದ್ದು ಹೋಗಿ ಹೆದ್ದಾರಿಯ ಬದಿಯಲ್ಲಿ, ಜನರ ನಡುವೆ ನಿಂತೆ.

ಅದನ್ನು ಕಳಿಸಲಿಲ್ಲ. ಚಿತ್ರದ ಅಳತೆ ಅರ್ಧ ಮಾಡಿ, ಸೆಕೆಂಡಿನ ಚಿತ್ರಗಳ ಸಂಖ್ಯೆ ಇಳಿಸಿ, ಉಳಿದ ಜಾಗವನ್ನೆಲ್ಲ ಮಂಜಿಗೆ ಬಿಟ್ಟುಕೊಟ್ಟೆ. ಚಿತ್ರ ಚಿಕ್ಕದಾಯಿತು, ಮಂಜು ನುಣ್ಣಗಾಯಿತು. ತಿರುವು ಬಂತು, ಮರ ಬಂತು, ಹೋಯಿತು. ಯಾರೂ ಇಲ್ಲ. ಸಮಾಧಾನದಿಂದ ಕಳಿಸಿದೆ. ಹದಿನೈದು ನಿಮಿಷಕ್ಕೆ ಫೋನು.

“ಅವನ್ನ ಎಲ್ಲಿಗೆ ಕಳ್ಸ್‌ಬುಟ್ಟೆ?”

ಹಿಂದೆಯೇ, ಮೊದಲಿನ ಥರದ್ದೇ ಕೊಡು, ಕೆಟ್ಟದ್ದೇ ಇರಲಿ ಎಂದ. ಅವನ ದನಿ ಬೇಡುವವನದಾಗಿತ್ತು. ಹಾಗೆ ಬೇಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆ ಕೈಯಾಡಿಸುವ ಓಟವನ್ನು ಫೋನಿಗೆ ಕಳಿಸಲು ಮನಸ್ಸಾಗದೆ ಈ ಕಾರ್ಡಿಗೆ ಹಾಕಿ, ಬೇರೆಯದರ ಜೊತೆ ಬೆರೆಯದಿರಲೆಂದು ಹೆಸರು ಬರೆದು, ಮರುದಿನ ಬೆಳಗಿನ ಬಸ್ಸಿಗೆ ಯಸಳೂರಿನ ಕಡೆ ಹೊರಟೆ.

ಜಗಲಿಯಲ್ಲಿ ಅವನ ಫೋನಿಗೆ ಕಾರ್ಡು ಹಾಕಿ ಕೊಟ್ಟೆ. ಧರ್ಮಣ್ಣ ನೋಡಿದ. ಬೆಚ್ಚಲಿಲ್ಲ. ಬಹಳ ದಿನದಿಂದ ಬರಬೇಕಾಗಿದ್ದವರು ಬಂದರೆ ನೋಡುವಂತೆ ನೋಡಿ, ಫೋನನ್ನು ಮಗುಚಿಟ್ಟು, ಹೆಂಡತಿ ಒಳಗೆ ಹೋಗುವವರೆಗೆ ಕಾದು, ಹೇಳಲು ಶುರುಮಾಡಿದ.

ಹದಿನೆಂಟು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲಿನ ಕಾಲ. ಹಾನುಬಾಳಿನ ಆಚೆಯ ಒಂದು ಎಸ್ಟೇಟಿನ ಸ್ಟೋರಿನಲ್ಲಿ ಲೋಡು ಮಾಡಿಸಿಕೊಂಡು, ಬೆಳಗ್ಗೆ ಆರೂವರೆಗೆ ಹೊರಟಿದ್ದ. ಕ್ಲೀನರಿಗೆ ಜ್ವರ, ಇವನೊಬ್ಬನೇ. ಬಾನೆಟ್ಟು ಕಾಣದಷ್ಟು ಮಂಜು. ಒಂದು ಎಡತಿರುವಿನಲ್ಲಿ, ಸಿಲ್ವರ್ ಓಕ್ ಮರದ ಬುಡದಲ್ಲಿ ಒಬ್ಬ ನಿಂತು ಕೈಯಾಡಿಸುತ್ತಿದ್ದ. ಧರ್ಮಣ್ಣ ನಿಧಾನಿಸಿದ, ಕಿಟಕಿಯಿಂದ ಅವನ ಮುಖ ನೋಡಿದ, ನಿಲ್ಲಿಸದೆ ಹೋದ. ಆಗ ದಾರಿಯಲ್ಲಿ ಲಾರಿ ತಡೆದು ಮೂಟೆ ಇಳಿಸಿಕೊಳ್ಳುವವರ ಸುದ್ದಿ ಇತ್ತು, ಅದಕ್ಕೇ ನಿಲ್ಲಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮರುದಿನ ಹಾಸನದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಯಾರೋ ಅಂದರು, ಹಾನುಬಾಳಿನ ರಸ್ತೆಯಲ್ಲಿ ಜೀಪು ಕೆಳಕ್ಕೆ ಹೋಗಿ ಡ್ರೈವರ್ ತೀರಿಕೊಂಡನಂತೆ. ತಿರುವಿನ ಗುರುತೂ ಹೇಳಿದರು. ಧರ್ಮಣ್ಣ ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಎದ್ದ. ಆ ಜೀಪಿನವನೇ ಹೇಗೋ ಮೇಲೆ ಹತ್ತಿ ಬಂದು ಸಹಾಯಕ್ಕೆ ಕರೆದಿದ್ದಾನೆ, ತಾನು ಮುಖ ನೋಡಿಯೂ ಬಿಟ್ಟುಹೋಗಿದ್ದೇನೆ. ಆಮೇಲೆ ಆ ರಸ್ತೆಯ ಲೋಡು ಅವನು ಹಿಡಿಯಲಿಲ್ಲ. ಸತ್ತವನ ಹೆಸರನ್ನೂ ಕೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

“ಕಳ್ಳರ ಭಯ ಅಲ್ಲ ಮಾರಾಯ. ಅಷ್ಟು ಮಂಜಲ್ಲಿ ನಿಂತೋನು, ಕೂದಲ ಮೇಲಾಗ್ಲಿ ಸ್ವೆಟರ್ ಮೇಲಾಗ್ಲಿ ಒಂದು ಹನಿ ಇರ್ಲಿಲ್ಲ. ಅದು ನೋಡಿ ಹೆದರ್ಕೊಂಡೆ” ಎಂದ.

ನಾನು ಕೋಡೆಕ್ಕಿನ ಮಾತು ಎತ್ತಲಿಲ್ಲ. ಬಿಸಿಲಿತ್ತು, ಅಂಗಳದಲ್ಲಿ ಮೆಣಸು ಒಣಗಲು ಹಾಕಿದ್ದರು. ಅವನು ಅದನ್ನೇ ನೋಡುತ್ತ, ನನ್ನನ್ನು ಹಾನುಬಾಳಿಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ. ಆ ಮನೆಯವರ ಕಾಲಿಗೆ ಬಿದ್ದು ಹೇಳಬೇಕು, ಬೀಳಲು ಒಂದು ಕಾಲು ಸಾಕು ಎಂದ. ನಗಿಸಲು ಹೇಳಿದ್ದೋ ಏನೋ, ನನಗೆ ನಗು ಬರಲಿಲ್ಲ.

ಮುಂದಿನ ಬುಧವಾರ ಸ್ಟುಡಿಯೋ ಮುಚ್ಚಿ ನನ್ನ ಕಾರಿನಲ್ಲಿ ಹೋದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ನಿಲ್ದಾಣದ ಮೊದಲ ಅಂಗಡಿಯಲ್ಲೇ, ಜೀಪಿನ ಸೋಮುವಾ, ಅವನ ಅಕ್ಕ ಶಾರದಮ್ಮ ಅಲ್ಲೇ ಬಟ್ಟೆ ಹೊಲಿಯುತ್ತಾರೆ ಎಂದು ತೋರಿಸಿದರು. ಶಾರದಮ್ಮನಿಗೆ ಅರವತ್ತರ ಹತ್ತಿರ. ಮಷಿನ್ನಿನ ಮೇಲೆ ಅರ್ಧ ಹೊಲಿದ ಶಾಲೆಯ ಸಮವಸ್ತ್ರ. ಊರುಗೋಲಿನವರನ್ನು ಕಂಡು ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದರು. ಧರ್ಮಣ್ಣ ನೀರು ಕೂಡ ಮುಟ್ಟದೆ, ತಲೆ ತಗ್ಗಿಸಿ, ನನಗೆ ಹೇಳಿದ್ದನ್ನೆಲ್ಲ, ವಿಡಿಯೋದ ಸಂಗತಿಯನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದ. ನಾನು ನಿಲ್ಲಿಸಿದ್ದರೆ ಬದುಕುತ್ತಿದ್ದನೋ ಏನೋ ಎಂದು ಮುಗಿಸಿದ.

ಆಕೆ ಅಳಲಿಲ್ಲ, ಬಯ್ಯಲಿಲ್ಲ. ದಾರ ಕಡಿದು ಸೂಜಿಯನ್ನು ಮೇಲೆತ್ತಿಟ್ಟರು.

“ಅವ್ನು ಎದ್ದು ಬಂದಿರೋಕೆ ಆಗಲ್ಲ ಕಣಣ್ಣ” ಎಂದರು.

ಆಮೇಲೆ ನಿಧಾನವಾಗಿ ತಿಳಿಸಿದರು. ಸೋಮು ಎಸ್ಟೇಟಿನ ಕೂಲಿಯವರ ಲೈನು ಮನೆಗಳಿಂದ ಕೊಯ್ಲಿನವರನ್ನು ಕರೆತರಲು ಐದೂವರೆಗೇ ಮನೆ ಬಿಟ್ಟಿದ್ದ. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ತಿರುವು ದಾಟಿ ಐವತ್ತು ಮಾರು ಆಚೆ ಒಂದು ಮೋರಿ. ಅದರ ಎಡ ಅಂಚು ರಾತ್ರಿ ಕುಸಿದಿದ್ದು ಯಾರಿಗೂ ಗೊತ್ತಿರಲಿಲ್ಲ. ಜೀಪು ಅಲ್ಲಿಂದ ಕೆಳಕ್ಕೆ ಹೋಗಿತ್ತು. ಒಂಬತ್ತು ಗಂಟೆಗೆ, ಜೀಪು ಬರಲಿಲ್ಲವೆಂದು ನಡೆದೇ ಹೊರಟ ಕೊಯ್ಲಿನವರ ಕಣ್ಣಿಗೆ ಬಿತ್ತು. ಸ್ಟೀರಿಂಗು ಎದೆಗೆ ಒತ್ತಿಹೋಗಿತ್ತು. ಕಬ್ಬಿಣ ಕತ್ತರಿಸಿ ಅವನನ್ನು ಹೊರಕ್ಕೆ ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಬಿದ್ದ ತಕ್ಷಣವೇ ಹೋಗಿದ್ದಾನೆ ಎಂದರಂತೆ ಡಾಕ್ಟರು.

ಧರ್ಮಣ್ಣ ಆರೂವರೆಗೆ ಸ್ಟೋರು ಬಿಟ್ಟವನು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ. ದಾರಿಹೋಕ ಯಾರಾದರೂ ಇದ್ದಿರಬಹುದಲ್ಲ ಎಂದು ಕೇಳಿದೆ. ಇದ್ದಿದ್ದರೆ ಒಂಬತ್ತರವರೆಗೆ ಊರಿಗೆ ತಿಳಿಯದೆ ಇರುತ್ತಿತ್ತೇ ಎಂದರು ಶಾರದಮ್ಮ.

ಅವರು ಆ ವಿಡಿಯೋ ನೋಡಬೇಕೆಂದರು. ಅದು ಆಟದ್ದು, ಗಂಟು ಕಟ್ಟುವಾಗ ಆದ ಎಡವಟ್ಟು, ಮನುಷ್ಯರಲ್ಲ ಎಂದು ಎಷ್ಟೋ ಹೇಳಿದೆ. ಕೇಳಿಸಿಕೊಂಡೇ ಕನ್ನಡಕ ಹಾಕಿಕೊಂಡು ಕೈ ಚಾಚಿದರು. ಧರ್ಮಣ್ಣನ ಫೋನಿನಲ್ಲಿ ತಿರುವು ಬರುವಲ್ಲಿ ನಿಲ್ಲಿಸಿ ಕೊಟ್ಟೆ. ಒಂದು ಸಲ ನೋಡಿದರು. ನನ್ನ ಹೆಬ್ಬೆರಳಿನಿಂದ ಹಿಂದಕ್ಕೆ ಮಾಡಿಸಿ ಇನ್ನೊಂದು ಸಲ. ಮೂರನೆಯ ಸಲ ಫೋನನ್ನು ಮುಖದ ಹತ್ತಿರ ಹಿಡಿದರು. ಅಂಗಡಿಯೊಳಗೆ ಗೋಡೆಯ ಗಡಿಯಾರ ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲಿನ ತೋಳೂ ಅದೇ ವೇಗದಲ್ಲಿ ಏರಿಳಿಯುತ್ತಿತ್ತು.

“ಇದು ನಿಲ್ಸು ಅನ್ನೋ ಕೈ ಅಲ್ಲ” ಎಂದರು.

ಫೋನನ್ನು ಮಡಿಲಲ್ಲಿಟ್ಟು ತಮ್ಮ ಬಲಗೈ ಚಾಚಿದರು. ಅಂಗೈ ಕೆಳಮುಖ. ಮಲಗಿದ ಮಗುವನ್ನು ತಟ್ಟುವ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟಿದರು.

“ನಿಧಾನ ಅಂತ. ಜನ ತುಂಬ್ಕೊಂಡು ಬರುವಾಗ ಎದುರುಗಡೆ ಗಾಡಿ ಜೋರಾಗಿ ಬಂದ್ರೆ, ಸೋಮು ಕಿಟಕೀಲಿ ಕೈ ಹಾಕಿ ಹಿಂಗೇ ಮಾಡೋನು.”

ಧರ್ಮಣ್ಣ ಆ ಕೈಯನ್ನೇ ನೋಡುತ್ತಿದ್ದ. ಆ ತಿರುವನ್ನು ತಾನು ಯಾವಾಗಲೂ ಮೂರನೇ ಗೇರಿನಲ್ಲೇ ಎತ್ತಿಕೊಂಡು ಹೋಗುತ್ತಿದ್ದೆ ಎಂದ. ಆ ದಿನ ಈ ಮನುಷ್ಯನ ಮುಖ ನೋಡಲೆಂದು ಎರಡಕ್ಕೆ ಇಳಿಸಿದ್ದ. ತೆವಳುತ್ತ ಮೋರಿಯ ಹತ್ತಿರ ಬಂದಾಗ ಎಡಗಡೆ ನೆಲವೇ ಇರಲಿಲ್ಲ. ಮುಂದಿನ ಚಕ್ರ ಅಂಚಿಗೆ ಬಂದದ್ದು ಕಂಡು ಬಲಕ್ಕೆಳೆದು ದಾಟಿಸಿದ್ದ. ಕೆಳಗೆ ಜೀಪಿದೆಯೆಂದು ಆ ಮಂಜಿನಲ್ಲಿ ಕಾಣಲಿಲ್ಲ.

“ನನ್ನ ಕೈಚಳಕ ಅಂದ್ಕೊಂಡಿದ್ದೆ” ಎಂದ. “ಮೂರರಲ್ಲಿದ್ದಿದ್ರೆ ನಾನೂ ಅಲ್ಲೇ.”

ಶಾರದಮ್ಮ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಮೂವರೂ ಕುಡಿದೆವು. ಹೊರಡುವಾಗ ಧರ್ಮಣ್ಣ ಕಾಲು ಮುಟ್ಟಲು ಬಗ್ಗಿದ, ಆಕೆ ಭುಜ ಹಿಡಿದು ತಡೆದರು.

ಹಿಂದಿರುಗುವಾಗ ಸಂಜೆ ನಾಲ್ಕರ ಬಿಸಿಲು, ಎಲೆ ಎಲೆಯೂ ಸ್ಪಷ್ಟ. ತಿರುವು ದಾಟಿದ ಮೇಲೆ, ಗಾಡಿ ನಿಲ್ಲಿಸು ಎಂದ. ಮೋರಿಗೆ ಈಗ ಸಿಮೆಂಟಿನ ಕಟ್ಟೆ ಇದೆ, ಬಿಳಿ ಬಳಿದಿದ್ದಾರೆ. ಅವನು ಇಳಿಯಲಿಲ್ಲ. ಗಾಜು ಇಳಿಸಿ ಕಣಿವೆಯ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಮುಂದಿನಿಂದ ಕೈ ಚಾಚಿ, ಘಾಟಿಯಲ್ಲಿ ದಾರಿ ಬಿಟ್ಟವನಿಗೆ ಲಾರಿಯವರು ಕೊಡುತ್ತಾರಲ್ಲ, ಅಂಥ ಒಂದು ಸಣ್ಣ ಹಾರ್ನು ಕೊಟ್ಟ.

ಕಣಿವೆ ಅದನ್ನು ಹಿಂದಕ್ಕೆ ಕಳಿಸಿತು. ಆ ಗುಡ್ಡಗಳಲ್ಲಿ ಹಾಗಾಗುವುದುಂಟು. ಆದರೆ ಬರಲು ತುಸು ತಡವಾಯಿತು. ಬಂದದ್ದು ನನ್ನ ಕಾರಿನ ಹಾರ್ನಿಗಿಂತ ತೆಳ್ಳಗಿತ್ತು. ಧರ್ಮಣ್ಣ ತಲೆಯಾಡಿಸಿ, ಗಾಜು ಏರಿಸಿ, “ನಡಿ” ಎಂದ.